ರುದ್ರಮುನಿ ಕಟ್ಟಿದ ಬುತ್ತಿ

ಬಸವಾಪಟ್ಟಣದ ಅಡಿಕೆ ಖೇಣಿಗಳಲ್ಲಿ, ಗುತ್ತಿಗೆ ಹಿಡಿದ ಫಸಲನ್ನು ಸುಲಿದು ಬೇಯಿಸುವ ಅಂಗಳಗಳಲ್ಲಿ, ರುದ್ರಮುನಿಯ ಹೆಸರು ಹೇಳಿದರೆ ಜನ ಮೊದಲು ನಗುತ್ತಾರೆ, ಆಮೇಲೆ ತುಟಿ ಸವರಿಕೊಳ್ಳುತ್ತಾರೆ. ನಗುವುದು ಅವನ ಜಂಬಕ್ಕೆ, ತುಟಿ ಸವರಿಕೊಳ್ಳುವುದು ಅವನ ಬದನೆಕಾಯಿ ಎಣ್ಣೆಗಾಯಿಗೆ. ಹೊಟ್ಟೆಪಾಡಿಗೆ ಅವನು ಮಾಡುವುದು ಅಡಿಕೆ ಬೇಯಿಸುವ ಕೆಲಸ. ಸುಲಿದ ಹಸಿ ಅಡಿಕೆ ಹಂಡೆಯಲ್ಲಿ ಕುದಿಯುತ್ತಿರುವಾಗ ಒಂದು ಕಾಯಿ ತೆಗೆದು, ಉಗುರಿನಿಂದ ಒತ್ತಿ ನೋಡಿ ಅವನು ಬೆಂತು ಎಂದರೆ ಬೆಂತು. ಇಲ್ಲ ಎಂದರೆ ಖೇಣಿಯ ಯಜಮಾನನೂ ಬೆಂಕಿ ತೆಗೆಸುವಂತಿಲ್ಲ. ಅಷ್ಟಿದ್ದರೂ ಹೊಸಬರು ಯಾರಾದರೂ ಏನು ಕೆಲಸ ನಿಮ್ಮದು ಎಂದು ಕೇಳಿದರೆ ಅವನು ಅಡಿಕೆಯ ಮಾತೇ ಎತ್ತುವುದಿಲ್ಲ. ಅಡುಗೆ ಮಾಡುತ್ತೇನೆ ಎನ್ನುತ್ತಾನೆ. ಯಾವ ಹೋಟೆಲಿನಲ್ಲಿ ಎಂದರೆ, ನಮ್ಮ ಮನೆಯಲ್ಲಿ ಎಂದು ಎದೆಯುಬ್ಬಿಸಿ ಹೇಳುತ್ತಾನೆ.

ಆ ಎದೆಯ ಮೇಲೆ ಒಂದು ಜೇಬಿದೆ. ಅಂಗಿ ಅಚ್ಚ ಬಿಳುಪು, ಜೇಬು ಮಾತ್ರ ಕೆಂಪಂಚಿನ ಹಸಿರು ಖಣದ್ದು, ಹೆಂಗಸರು ಕುಪ್ಪಸ ಹೊಲಿಸಿಕೊಳ್ಳುವ ಬಟ್ಟೆ. ಮದುವೆಗಾಗಲಿ ಮುಂಜಿಗಾಗಲಿ ಅವನು ಅದೇ ಅಂಗಿ ತೊಟ್ಟು ಹೊರಡುತ್ತಾನೆ. ಗಂಡಸಿನ ಎದೆಗೆ ಖಣದ ಜೇಬು ಬಂದದ್ದು ಹೇಗೆಂದು ತಿಳಿಯಬೇಕಾದರೆ ಅವನ ಒಲೆಯ ಕಥೆಯನ್ನು ಮೊದಲಿಂದ ಕೇಳಬೇಕು.

ನಮ್ಮ ಜನದ ಲೆಕ್ಕವೇ ವಿಚಿತ್ರ. ಗಂಡಸು ಮದುವೆಮನೆಯ ಕೊಪ್ಪರಿಗೆ ಮುಂದೆ ನಿಂತರೆ ಅಡುಗೆಯವರು ಬಂದರು ಎಂದು ಕುರ್ಚಿ ಹಾಕುತ್ತಾರೆ. ಹೋಟೆಲಿನ ಹೆಂಚಿನ ಮುಂದೆ ನಿಂತರೆ ಸಾಹುಕಾರ್ರೇ ಎನ್ನುತ್ತಾರೆ. ಅದೇ ಗಂಡಸು ಸ್ವಂತ ಮನೆಯ ಒಲೆ ಮುಂದೆ ಕುಂತು ಹೆಂಡತಿ ಮಕ್ಕಳಿಗೆ ರೊಟ್ಟಿ ಬಡಿದರೆ ಮಾತ್ರ, ಪಾಪ, ಹೆಂಡತಿಗೆ ಹೆದರಿದವನು. ಈ ಲೆಕ್ಕ ಹಾಕಿಕೊಟ್ಟವರು ಯಾರೋ ತಿಳಿಯದು, ಸಿಕ್ಕಿದ್ದರೆ ಅವರ ಕೈಗೊಂದು ಸೌಟು ಕೊಟ್ಟು ಬಿಸಿಲು ಇಳಿಯುವವರೆಗೆ ಹೂರಣ ತಿರುವಿಸಬಹುದಿತ್ತು.

ರುದ್ರಮುನಿಗೆ ಅಡುಗೆ ಕಲಿಸಿದ್ದು ಅವನ ತಾಯಿಯಲ್ಲ, ಗಾದ್ರಮ್ಮ. ಜಗಳೂರು ಕಡೆಯ ಈ ಹೆಂಗಸು ಪ್ರತಿ ಸುಗ್ಗಿಗೂ ಅಡಿಕೆ ಸುಲಿಯುವವರ ಗುಂಪಿನೊಂದಿಗೆ ಬಸವಾಪಟ್ಟಣಕ್ಕೆ ಬಂದು, ಖೇಣಿಯ ಮೂಲೆಯಲ್ಲಿ ಮೂರು ಕಲ್ಲು ಹೂಡಿ, ಇಡೀ ಗುಂಪಿಗೆ ಬೇಯಿಸಿ ಹಾಕುತ್ತಿದ್ದಳು. ಆಗ ರುದ್ರಮುನಿಗೆ ಮೀಸೆ ಚಿಗುರುವ ವಯಸ್ಸು, ಹಂಡೆಗೆ ಸೌದೆ ಒಟ್ಟುವ ಕೆಲಸ. ಒಂದು ಮಧ್ಯಾಹ್ನ ಗಾದ್ರಮ್ಮ ಅವನ ತಟ್ಟೆಗೆ ಜೋಳದ ರೊಟ್ಟಿ ಹಾಕಿ, ಅದರ ಮೇಲೆ ಒಂದು ಉಂಡೆ ಕರಿಂಡಿ ಇಟ್ಟಳು. ಅಗಸೆ, ಹಸಿಮೆಣಸಿನಕಾಯಿ, ಸೌತೆಕಾಯಿ ಕೂಡಿಸಿ ಅರೆದು, ನಿಂಬೆ ಹಿಂಡಿ, ಜಾಡಿಯಲ್ಲಿ ಹುಳಿ ಬರಿಸಿದ ಚಟ್ನಿ ಅದು. ತಿಂದು ಮುಗಿಸಿದವನು ಹಂಡೆಯ ಕಡೆ ಹೋಗಲಿಲ್ಲ, ಒಲೆಯ ಹಿಂದೆ ಹೋಗಿ ಕುಂತ. ಇದನ್ನು ನನಗೆ ಕಲಿಸು ಎಂದ. ಗಾದ್ರಮ್ಮ ಅವನನ್ನು ಮೇಲಿಂದ ಕೆಳಗೆ ನೋಡಿ, ಕೈ ತೊಳೆದುಕೊಂಡು ಬಾ ಎಂದಳು.

ಆಕೆ ಕಲಿಸಿದ ರೀತಿಯಲ್ಲಿ ಮುದ್ದಿಗೆ ಜಾಗವಿರಲಿಲ್ಲ. ಹಿಟ್ಟಿಗೆ ಎಸರು ಹೆಚ್ಚಾದರೆ ಮೊಣಕೈಗೆ ಸೌಟಿನಿಂದ ಏಟು. ರೊಟ್ಟಿ ಹರಿದರೆ ಹರಿದವನೇ ಅದನ್ನು ತಿನ್ನಬೇಕು. ಖೇಣಿಯ ಹೆಂಚು ಎತ್ತಿನಗಾಡಿಯ ಗಾಲಿಯಷ್ಟು ಅಗಲವಾದದ್ದರಿಂದ ರೊಟ್ಟಿಯನ್ನೂ ಅದಕ್ಕೆ ತಕ್ಕಂತೆ ಬಡಿಯಬೇಕಾಗಿತ್ತು. ರುದ್ರಮುನಿಯ ಅಂಗೈ ಮೊರದಂಥದ್ದು. ಸುಗ್ಗಿ ಮುಗಿಯುವ ಹೊತ್ತಿಗೆ ಅವನು ಬಡಿದ ರೊಟ್ಟಿ ಗಾದ್ರಮ್ಮನ ರೊಟ್ಟಿಗಿಂತ ಅಗಲವಾಗಿಯೂ ತೆಳುವಾಗಿಯೂ ಬರತೊಡಗಿತು. ಆಕೆ ಹೊಗಳಲಿಲ್ಲ. ಊರಿಗೆ ಹೊರಡುವಾಗ ಒಂದೇ ಮಾತು ಹೇಳಿದಳು. "ಬಡಿಸಿದ ಮೇಲೆ ಎದುರಿಗೆ ನಿಂತು ಹೆಂಗೈತೆ ಅಂತ ಕೇಳಬೇಕು ನೋಡು. ಕೇಳದೆ ಜಾಗ ಖಾಲಿ ಮಾಡೋನು ಅಡುಗೆ ಮಾಡಿಲ್ಲ, ಕಳ್ಳತನ ಮಾಡ್ಯಾನೆ."

ಅಂದಿನಿಂದ ಇಂದಿನವರೆಗೆ ರುದ್ರಮುನಿ ಕೇಳದೆ ಬಿಟ್ಟವನಲ್ಲ. ತಟ್ಟೆಗೆ ಬಡಿಸಿ, ಸೌಟು ಹಿಡಿದುಕೊಂಡೇ ನಿಲ್ಲುತ್ತಾನೆ. ಉಣ್ಣುವವರು ಮೊದಲ ತುತ್ತು ನುಂಗುವವರೆಗೆ ಉಸಿರು ಬಿಗಿಹಿಡಿದು ಅವರ ಗಂಟಲನ್ನೇ ನೋಡುತ್ತಿದ್ದು, ಹೆಂಗೈತೆ ಎಂದು ಕೇಳುತ್ತಾನೆ. ಚೆನ್ನಾಗಿದೆ ಎಂದರೆ ಸಾಲದು, ಏನು ಚೆನ್ನಾಗಿದೆ ಎಂದು ಹೇಳಬೇಕು. ಹೇಳಿದರೆ ಆ ಮುಖ ನೋಡಬೇಕು, ಚುನಾವಣೆಯಲ್ಲಿ ಗೆದ್ದವನೂ ಅಷ್ಟು ಅರಳಿಕೊಳ್ಳುವುದಿಲ್ಲ. ಖೇಣಿಯ ಜನಕ್ಕೆ ಇದು ಪೀಡೆಯೂ ಹೌದು, ಪ್ರೀತಿಯೂ ಹೌದು.

ಪ್ರೇಮಲತಾ ಕೆರೆಬಿಳಚಿಯಿಂದ ಮದುವೆಯಾಗಿ ಬಂದ ಹೊಸದರಲ್ಲಿ ಒಂದು ಸಾರು ಮಾಡಿದಳು. ರುದ್ರಮುನಿ ಅದನ್ನು ಉಂಡ, ಗಂಡಸಿನ ಹಾಗೆ ಕೊನೆಯವರೆಗೂ ಉಂಡ. ಅವಳು ಪಾಪ ಹೇಗಿದೆ ಎಂದು ಕೇಳಿದಳು. ಅವನಿಗೆ ಸುಳ್ಳು ಹೇಳಲು ಬರುವುದಿಲ್ಲ, ಅದರಲ್ಲೂ ಸಾರಿನ ವಿಷಯದಲ್ಲಿ. ಎದ್ದು ಹೋಗಿ ಒಗ್ಗರಣೆ ಸೌಟು ಕೈಗೆತ್ತಿಕೊಂಡ. ಪ್ರೇಮಲತಾ ಮುನಿಸಿಕೊಳ್ಳಬಹುದಿತ್ತು. ಬದಲಿಗೆ ದೊಡ್ಡ ಭಾರ ಇಳಿದವಳಂತೆ ನಕ್ಕು, ತವರಿನಿಂದ ತಂದ ಹೊಲಿಗೆ ಯಂತ್ರದ ಮುಸುಕು ತೆಗೆದಳು. ಒಲೆ ನಿಮಗೆ, ಯಂತ್ರ ನನಗೆ, ಒಬ್ಬರದಕ್ಕೆ ಒಬ್ಬರು ಕೈ ಹಾಕುವುದು ಬೇಡ ಎಂದಳು. ಬಸ್ ಸ್ಟ್ಯಾಂಡಿನ ಪಕ್ಕದಲ್ಲಿ ಅವಳ ಕುಪ್ಪಸದ ಅಂಗಡಿ ಇವತ್ತಿಗೂ ನಡೆಯುತ್ತಿದೆ. ಕೈತೋಳಿನ ಕಟಿಂಗಿನಲ್ಲಿ ಅವಳನ್ನು ಮೀರಿಸುವವರು ಈ ಸುತ್ತಿನಲ್ಲಿಲ್ಲ. ಇಷ್ಟು ಸುಖವಾಗಿ ಸಂಸಾರ ಹಂಚಿಕೊಂಡವರು ಎಷ್ಟು ಮನೆಯಲ್ಲಿದ್ದಾರೆ, ಬೇಕಾದವರು ಹುಡುಕಿ ನೋಡಲಿ.

ಅವನ ಹುಚ್ಚು ಎಂಥದ್ದೆಂದರೆ, ಬದನೆಕಾಯಿಗೆ ತ್ಯಾವಣಿಗೆಯ ಒಂದು ತೋಟಕ್ಕೇ ಹೋಗಬೇಕು. ಅಲ್ಲಿನ ಮುಳ್ಳುಬದನೆಯ ತೊಟ್ಟು ಹಿಡಿದು ತಿರುಗಿಸಿ, ಎಳೆಯದೋ ಬಲಿತದ್ದೋ ನೋಡಿ, ಒಂದೊಂದಾಗಿ ಆರಿಸಿ ತರುತ್ತಾನೆ. ಜೋಳ ಗಾದ್ರಮ್ಮನ ಊರಿನದೇ ಆಗಬೇಕು. ಆಕೆ ಈಗ ಸುಗ್ಗಿಗೆ ಬರುವುದಿಲ್ಲ, ವಯಸ್ಸಾಗಿದೆ. ಆದರೆ ಜಗಳೂರಿನ ಬಸ್ಸಿನ ಡ್ರೈವರ್ ಪಕ್ಕದಲ್ಲಿ ಕೂತು ಆಕೆಯ ಚೀಲ ಮಾತ್ರ ತಪ್ಪದೆ ಬರುತ್ತದೆ. ಚೀಲ ಬಿಚ್ಚಿದವನೇ ಕೈ ಹಾಕಿ ಜೋಳ ಮೂಸಿ ನೋಡುತ್ತಾನೆ, ಹೆತ್ತ ಮಗುವಿನ ನೆತ್ತಿ ಮೂಸಿದ ಹಾಗೆ.

ಹೆತ್ತ ಮಗು ಇದ್ದದ್ದು ಒಬ್ಬಳೇ, ಸಂಧ್ಯಾರಾಣಿ. ಅವಳು ಬೆಳೆದದ್ದು ಅಪ್ಪನ ಕೈಯ ಅಡುಗೆಯಲ್ಲಿ. ತಟ್ಟೆಗೆ ಬಡಿಸಿ ಅವನು ಹೆಂಗೈತವ್ವಾ ಎಂದು ಕೇಳಿದಾಗಲೆಲ್ಲ ಅವಳು ಮುಖ ಸೊಟ್ಟ ಮಾಡಿ, ಉಪ್ಪು ಒಂಚೂರು ಕಮ್ಮಿ ಎನ್ನುತ್ತಿದ್ದಳು. ರುದ್ರಮುನಿ ಗಾಬರಿಯಾಗಿ ಅವಳ ತಟ್ಟೆಗೇ ಬೆರಳು ಅದ್ದಿ ನೆಕ್ಕಿ ನೋಡುತ್ತಿದ್ದ. ಸರಿಯಾಗಿಯೇ ಇರುತ್ತಿತ್ತು. ಹುಡುಗಿ ಕೈತಟ್ಟಿ ನಗುತ್ತಿದ್ದಳು. ಅವಳು ಕಾಲೇಜಿಗೆ ಹೋಗುವವರೆಗೂ ಈ ಆಟ ನಡೆಯಿತು. ಆಟವೆಂದು ಗೊತ್ತಿದ್ದರೂ ಅವನು ಪ್ರತಿ ಸಲ ಬೆರಳು ಅದ್ದಿದ.

ಅವಳನ್ನು ನ್ಯಾಮತಿಗೆ ಕೊಟ್ಟರು. ಅಳಿಯ ವಿನಯ್ ಕುಮಾರ್‌ನದು ಗೊಬ್ಬರದ ಅಂಗಡಿ, ಮನೆತನ ದೊಡ್ಡದು, ಜನ ಒಳ್ಳೆಯವರು. ಮದುವೆಯಾದ ಮೊದಲ ಯುಗಾದಿಗೆ ಬೀಗರ ಮನೆಗೆ ಹೋದ ರುದ್ರಮುನಿ ಒಂದು ಎಡವಟ್ಟು ಮಾಡಿಕೊಂಡ. ಒಳಗೆ ಹೋಳಿಗೆ ಸೀಯುತ್ತಿರುವ ವಾಸನೆ ಬಂತು. ಪಡಸಾಲೆಯಲ್ಲಿ ಬೀಗನಾಗಿ ಠೀವಿಯಿಂದ ಕೂತಿರಬೇಕಾದವನು ತಡೆಯಲಾರದೆ ಎದ್ದು, ಹೊಸ ಬೀಗಿತ್ತಿಯ ಅಡುಗೆಮನೆಗೆ ನುಗ್ಗಿ, ಲಟ್ಟಣಿಗೆ ಕಿತ್ತುಕೊಂಡು ಕೂತುಬಿಟ್ಟ. ಹೋಳಿಗೆಯೇನೋ ಹೂವಿನ ಹಾಗೆ ಬಂದವು. ಆದರೆ ಹಬ್ಬಕ್ಕೆ ಬಂದ ನೆಂಟರಿಗೆ ವರ್ಷಪೂರ್ತಿ ಆಡಿಕೊಳ್ಳಲು ವಿಷಯ ಸಿಕ್ಕಿತು. ಗೊಬ್ಬರದ ಅಂಗಡಿಗೆ ಬಂದವರು ವಿನಯ್ ಕುಮಾರ್‌ಗೆ, ನಿಮ್ಮ ಸೌಟಿನ ಮಾವ ಹೇಗಿದ್ದಾರೆ ಎಂದು ಕೇಳತೊಡಗಿದರು. ಕೇಳಿದವರು ಅದನ್ನು ಮರೆತರು, ಸಂಧ್ಯಾರಾಣಿ ಮರೆಯಲಿಲ್ಲ.

ಮುಂದಿನ ವರ್ಷ ಅವಳು ಬಸುರಿಯಾದಳು. ನಮ್ಮ ಕಡೆಯ ಪದ್ಧತಿ ಗೊತ್ತಿರುವುದೇ. ಬಸುರಿ ಹೆಣ್ಣಿಗೆ ತವರಿನಿಂದ ಬುತ್ತಿ ಹೋಗಬೇಕು. ರೊಟ್ಟಿ, ಎಣ್ಣೆಗಾಯಿ, ಕಾಳುಪಲ್ಯ, ಚಟ್ನಿಪುಡಿ, ಮೊಸರನ್ನ, ಹೋಳಿಗೆ, ಕರಿಗಡುಬು ಎಲ್ಲ ಬುಟ್ಟಿಗಳಲ್ಲಿ ತುಂಬಿ ಬೀಗರ ಮನೆಗೆ ಒಯ್ದು, ಓಣಿಯವರಿಗೆಲ್ಲ ಹಂಚಿ ಉಣ್ಣಿಸಬೇಕು. ಓಣಿಯ ಹೆಂಗಸರು ಸುಮ್ಮನೆ ಉಣ್ಣುವುದಿಲ್ಲ, ತವರನ್ನೇ ತೂಗಿ ನೋಡುತ್ತಾರೆ. ಬುತ್ತಿ ಎಂದರೆ ತಾಯಿಯ ಕೈ ಎಂದೇ ಎಲ್ಲರ ನಂಬಿಕೆ. ಸುದ್ದಿ ತಿಳಿದ ಕ್ಷಣದಿಂದ ರುದ್ರಮುನಿಯ ಕಾಲು ನೆಲದ ಮೇಲೆ ನಿಲ್ಲಲಿಲ್ಲ. ಇಷ್ಟು ವರ್ಷ ಕಲಿತದ್ದೆಲ್ಲ ಈ ಒಂದು ದಿನಕ್ಕಾಗಿಯೇ ಎಂದು ಅವನಿಗೆ ಅನ್ನಿಸಿತು. ಮಗಳಿಗೆ ಆಗ ಏನೂ ಸೇರುತ್ತಿರಲಿಲ್ಲ, ನೀರು ಕುಡಿದರೂ ವಾಂತಿ. ನನ್ನ ಬುತ್ತಿ ಬರಲಿ, ಹೇಗೆ ಸೇರುವುದಿಲ್ಲ ನೋಡೋಣ ಎಂದು ಖೇಣಿಯಲ್ಲೆಲ್ಲ ಹೇಳಿಕೊಂಡು ತಿರುಗಿದ.

ಆಗ ಮಗಳ ಫೋನ್ ಬಂತು. ಅವಳು ತಡವರಿಸಿ, ಸುತ್ತಿಬಳಸಿ, ಕೊನೆಗೆ ಹೇಳಿದಳು. "ಅಪ್ಪಾಜಿ, ಬುತ್ತಿ ನೀನೇ ಮಾಡು. ಆದ್ರೆ ಇಲ್ಲಿ ಬಂದು ನಾನೇ ಮಾಡಿದ್ದು ಅನ್ನಬ್ಯಾಡ. ಅಮ್ಮ ಮಾಡಿದ್ದು ಅಂತಾನೇ ಇರಲಿ. ಇವರು ಇನ್ನೊಂದ್ಸಲ ಅಂಗಡಿಯಾಗೆ ಮಾತು ಕೇಳೋ ಹಂಗಾಗೋದು ಬ್ಯಾಡ."

ಬೇರೆ ಯಾರೇ ಈ ಮಾತು ಆಡಿದ್ದರೂ ರುದ್ರಮುನಿ ಅವರ ಜನ್ಮ ಜಾಲಾಡುತ್ತಿದ್ದ. "ಆಯ್ತವ್ವ," ಎಂದ. "ನಿನ್ನ ಬಾಯಿಂದ ಬರೋತನಕ ನನ್ನ ಬಾಯಿಂದ ಬರಾಕಿಲ್ಲ."

ಆ ಮಾತು ಅವನಿಗೆ ನೋವು ಮಾಡಿತು, ಮುಚ್ಚಿಡುವುದೇಕೆ. ಅವನು ಹೆಸರಿಗಾಗಿ ಸಾಯುವ ಮನುಷ್ಯ. ಎಣ್ಣೆಗಾಯಿ ತಿಂದವರು ಯಾರು ಮಾಡಿದ್ದೆಂದು ಕೇಳದಿದ್ದರೆ ತಾನೇ ಹೇಳಿ ಬರುವವನು. ಅಂಥವನಿಗೆ ಬದುಕಿನಲ್ಲೇ ದೊಡ್ಡ ಅಡುಗೆಯನ್ನು ಮಾಡಿ, ಎದುರಿಗೆ ನಿಂತು ಹೆಂಗೈತೆ ಎಂದು ಕೇಳುವಂತಿಲ್ಲ. ಅಗಸೆ ಕಳಿಸೆಂದು ಜಗಳೂರಿಗೆ ಫೋನ್ ಮಾಡಿದಾಗ ಗಾದ್ರಮ್ಮನಿಗೆ ವಿಷಯ ತಿಳಿದು ಆಕೆ ಕೆಂಡವಾದಳು. ಕೇಳುವ ಹಾಗಿಲ್ಲ ಎಂದ ಮೇಲೆ ಮಾಡಲೇಬೇಡ ಎಂದು ಗದರಿದಳು. ಹೊಟ್ಟೆಯಲ್ಲಿರುವುದು ಮೊಮ್ಮಗು, ಅದಕ್ಕೆ ಹಸಿವಾಗುತ್ತದೆ ಎಂದು ಅವನು ಹೇಳಿದ ಮೇಲೆ ಆಕೆಯೂ ಮೆತ್ತಗಾದಳು. ಅಗಸೆಯ ಜೊತೆಗೆ ಕೇಳದಿದ್ದ ಗುರೆಳ್ಳು, ಹುರುಳಿ, ಹೊಸ ಸಜ್ಜೆ ಎಲ್ಲ ಸೇರಿಸಿ ದೊಡ್ಡ ಗಂಟು ಕಳಿಸಿದಳು.

ಅಡುಗೆ ಶುರುವಾದ ಮೇಲೆ ನೋವೆಲ್ಲ ಎಲ್ಲಿ ಹೋಯಿತೋ. ವಾರ ಮೊದಲೇ ಕರಿಂಡಿ ಅರೆದು ಜಾಡಿಗೆ ಹಾಕಿ, ಬಾಯಿಗೆ ಬಟ್ಟೆ ಕಟ್ಟಿದ. ದಿನಾ ಬೆಳಿಗ್ಗೆ ಬಟ್ಟೆ ಬಿಚ್ಚಿ ಮೂಗು ಇಳಿಬಿಟ್ಟು, ಇನ್ನೂ ಎಳಸು, ಇವತ್ತು ಬಂತು ಹುಳಿ ಎಂದು ವರದಿ ಕೊಡುತ್ತಿದ್ದ. ಶೇಂಗಾ ಹುರಿದು, ಸಿಪ್ಪೆ ಹಾರಿಸಿ, ಬೆಳ್ಳುಳ್ಳಿ ಸೇರಿಸಿ ಒರಳಲ್ಲಿ ಕುಟ್ಟಿದ. ಮಿಕ್ಸಿ ಇತ್ತು, ಅದರ ಕಡೆ ತಿರುಗಿಯೂ ನೋಡಲಿಲ್ಲ. ಹೊನ್ನಾಳಿಯಿಂದ ಬೆಲ್ಲ ತರಿಸಿ, ಮೊದಲ ಸಲ ತಂದದ್ದು ಬಣ್ಣ ಹೆಚ್ಚಾಯಿತೆಂದು ಪಕ್ಕಕ್ಕಿಟ್ಟು, ತಾನೇ ಹೋಗಿ ಬೇರೆ ತಂದ. ಹೂರಣ ತಿರುವುವಾಗ ಅವನ ತೋಳು ಆಡುವುದನ್ನು ನೋಡಲು ಓಣಿಯ ಹೆಂಗಸರು ಹೊಸ್ತಿಲಲ್ಲಿ ಬಂದು ನಿಂತರು. ಎಣ್ಣೆಯಲ್ಲಿ ಬದನೆಕಾಯಿ ಮೆತ್ತಗಾಗಿ ಮಸಾಲೆ ಬಿಡತೊಡಗಿದಾಗ ಅವನು ಕಣ್ಣು ಮುಚ್ಚಿ ಒಲೆಯ ಮುಂದೆ ಕುಂತಿದ್ದ. ನಿದ್ದೆ ಬಂತೇ ಎಂದು ಪ್ರೇಮಲತಾ ಕೇಳಿದಳು. ಸುಮ್ಮನಿರು, ಸದ್ದು ಕೇಳುತ್ತಿದ್ದೇನೆ ಎಂದ. ಅವಳು ಯಂತ್ರದ ಮುಂದೆ ಕೂತು ಅವನನ್ನೇ ನೋಡಿದಳು. ಈ ಮನುಷ್ಯನ ಹೆಸರು ಹೇಳದೆ ತಾನು ಹೊಗಳಿಕೆ ತೆಗೆದುಕೊಳ್ಳಬೇಕಲ್ಲ ಎಂದುಕೊಂಡು ಯಂತ್ರದ ಮೇಲೆ ಮುಸುಕು ಎಳೆದಳು.

ಹೊರಡುವ ದಿನ ಇನ್ನೊಂದು ತಕರಾರು. ಪ್ರೇಮಲತಾಳ ತವರಿನಲ್ಲಿ ತಲೆಮಾರಿನಿಂದ ಬುತ್ತಿಗೆ ಬಳಸುತ್ತಿದ್ದ ಬಿದಿರಿನ ಬುಟ್ಟಿ ತರಿಸಿದ್ದರು. ಅವನ ರೊಟ್ಟಿ ಅದರಲ್ಲಿ ಕೂರಲಿಲ್ಲ. ಖೇಣಿಯ ಹೆಂಚಿನಲ್ಲಿ ಬೆಳೆದ ರೊಟ್ಟಿ, ಅಂಚು ಬುಟ್ಟಿಯಿಂದ ಒಂದು ಗೇಣು ಹೊರಗೆ ಚಾಚಿತು. ಸಣ್ಣದಾಗಿ ಬಡಿಯಬಾರದಿತ್ತೇ, ಇದನ್ನು ನೋಡಿದರೆ ಯಾರಿಗಾದರೂ ಅನುಮಾನ ಬರುವುದಿಲ್ಲವೇ ಎಂದು ಪ್ರೇಮಲತಾ ತಲೆ ಚಚ್ಚಿಕೊಂಡಳು. ಹೆಸರು ಮುಚ್ಚಿಡುತ್ತೇನೆಂದು ಒಪ್ಪಿದ್ದೇನೆ, ಕೈ ಕುಗ್ಗಿಸುತ್ತೇನೆಂದು ಒಪ್ಪಿಲ್ಲ ಎಂದು ರುದ್ರಮುನಿ ಕಡ್ಡಿ ಮುರಿದ ಹಾಗೆ ಹೇಳಿದ. ಕೊನೆಗೆ ಅಡಿಕೆ ಹೊರುವ ದೊಡ್ಡ ಬುಟ್ಟಿಯೊಂದನ್ನು ತೊಳೆದು ಒಣಗಿಸಿ, ಬಿಳಿ ಪಂಚೆ ಹಾಸಿ ಅದರಲ್ಲಿ ರೊಟ್ಟಿ ಪೇರಿಸಿದರು. ಓಣಿಯ ಹೆಂಗಸರನ್ನೂ ಬುಟ್ಟಿಗಳನ್ನೂ ತುಂಬಿಕೊಂಡು ಟೆಂಪೊ ಹೊನ್ನಾಳಿ ದಾಟಿ ನ್ಯಾಮತಿಯ ದಾರಿ ಹಿಡಿಯಿತು. ದಾರಿಯುದ್ದಕ್ಕೂ ಕರಿಂಡಿಯ ಜಾಡಿ ರುದ್ರಮುನಿಯ ತೊಡೆಯ ಮೇಲೇ ಇತ್ತು.

ಬೀಗರ ಮನೆಯ ಬಾಗಿಲಲ್ಲಿ ಸಂಧ್ಯಾರಾಣಿಯ ಅತ್ತೆ ಶಿವಗಂಗಮ್ಮ ಆರತಿ ಎತ್ತಿ ಬರಮಾಡಿಕೊಂಡರು. ಒಳಗೆ ಮಂಚದ ಮೇಲೆ ಶಿವಗಂಗಮ್ಮನ ಅತ್ತೆ ಬಂಗಾರಮ್ಮ ಕೂತಿದ್ದರು. ಯುಗಾದಿಯ ಹೋಳಿಗೆ ಪ್ರಸಂಗದ ಸಮಯದಲ್ಲಿ ಈ ಅಜ್ಜಿ ಹೊನ್ನಾಳಿಯಲ್ಲಿ ಮಗಳ ಮನೆಯಲ್ಲಿದ್ದರು. ಈಗ ಬಂದಿದ್ದಾರೆ. ಮನೆಯವರೆಲ್ಲ ಹೆದರುವುದು ಅವರ ನಾಲಿಗೆಗೆ. ಶಿವಗಂಗಮ್ಮ ಪ್ರೇಮಲತಾಳನ್ನು ಪಕ್ಕಕ್ಕೆ ಕರೆದು ತಮ್ಮ ಮನೆಯ ಒಂದು ಪದ್ಧತಿ ಹೇಳಿದರು. ಬುತ್ತಿಯ ಊಟವಾದ ಮೇಲೆ, ಅದನ್ನು ಮಾಡಿದ ಕೈಯನ್ನು ಮಣೆಯ ಮೇಲೆ ಕೂರಿಸಿ ಅಜ್ಜಿ ತಾವೇ ಉಡಿ ತುಂಬುತ್ತಾರಂತೆ. ತಾವು ಬಸುರಿಯಾಗಿದ್ದಾಗ ಬುತ್ತಿ ತಂದ ತಮ್ಮ ತಾಯಿಗೂ ಹಾಗೆಯೇ ಆಯಿತಂತೆ. ನೀವು ಹಸಿರು ಖಣಕ್ಕೆ ಒಪ್ಪುತ್ತೀರಿ, ಅದನ್ನೇ ತೆಗೆದಿಟ್ಟಿದ್ದೇನೆ ಎಂದರು.

ಹೊಗಳಿಕೆಗಾದರೆ ಪ್ರೇಮಲತಾ ತಲೆಯಾಡಿಸಿ ಪಾರಾಗಬಹುದು. ತನ್ನದಲ್ಲದ ಉಡಿಯನ್ನು, ಅದೂ ಮಗಳ ಬಸುರಿನ ಹೊತ್ತಿನಲ್ಲಿ, ಸೆರಗೊಡ್ಡಿ ಈಸಿಕೊಳ್ಳುವುದು ಹೇಗೆ? ಹಿತ್ತಲಲ್ಲಿ ಕೈ ತೊಳೆಯುತ್ತಿದ್ದ ಗಂಡನ ಹತ್ತಿರ ಹೋಗಿ, ಈಗಲೇ ಹೇಳಿಬಿಡುತ್ತೇನೆ ಎಂದಳು. ಅವನು ಬೇಡ ಎಂದು ತಲೆಯಾಡಿಸಿದ. "ಮಗಳಿಗೆ ಮಾತು ಕೊಟ್ಟೀನಿ. ಅವಳೇ ಹೇಳಬೇಕು, ಇಲ್ದಿದ್ರೆ ಬ್ಯಾಡ."

ಎಲೆ ಹಾಕಿದರು. ಹೆಂಗಸರ ಪಂಕ್ತಿ ಒಳಗೆ, ಗಂಡಸರದು ಪಡಸಾಲೆಯಲ್ಲಿ, ನಡುವೆ ತೆರೆದ ಬಾಗಿಲು. ಯಾರ್ಯಾರೋ ಬಡಿಸುತ್ತಿದ್ದರು, ರುದ್ರಮುನಿ ಕೈಕಟ್ಟಿ ಕೂತಿದ್ದ. ಎಣ್ಣೆಗಾಯಿಯನ್ನು ಎಲೆಯ ತುದಿಗೆ ಎಸೆದ ಹಾಗೆ ಹಾಕಿಹೋದವನನ್ನು ಕೊಂದುಬಿಡಬೇಕೆನಿಸಿತು. ಆದರೆ ಊಟ ಶುರುವಾಗಿ ಸ್ವಲ್ಪ ಹೊತ್ತಿಗೆ ಗದ್ದಲವೆಲ್ಲ ಅಡಗಿತು. ರುದ್ರಮುನಿಗೆ ಆ ಮೌನ ಗೊತ್ತು, ಬಾಯಿಗೆ ಮಾತಿಗಿಂತ ಒಳ್ಳೆಯದು ಸಿಕ್ಕಾಗ ಬರುವ ಮೌನ. ಆಮೇಲೆ ಒಬ್ಬೊಬ್ಬರಾಗಿ ಶುರುಮಾಡಿದರು. ಬೀಗಿತ್ತಿಯ ಕೈಗುಣ ಅಂದರೆ ಇದು ಎಂದರು. ಯುಗಾದಿಯಲ್ಲಿ ನಕ್ಕಿದ್ದ ನೆಂಟನೇ ನಾಲ್ಕನೆಯ ಹೋಳಿಗೆಗೆ ಕೈಯೊಡ್ಡಿ, ಇಂಥ ಹೆಂಡತಿ ಇದ್ದೂ ನೀವು ಸೌಟು ಹಿಡಿಯುತ್ತೀರಲ್ಲ ಎಂದು ರುದ್ರಮುನಿಯ ಬೆನ್ನು ತಟ್ಟಿದ. ರುದ್ರಮುನಿ ತನ್ನ ರೊಟ್ಟಿಯನ್ನು ತಾನೇ ಮುರಿದು ಬಾಯಿಗಿಟ್ಟುಕೊಂಡ. ಒಳಗೆ ಹೆಂಗಸರು ಹೂರಣಕ್ಕೆ ಏನೇನು ಹಾಕಿದಿರಿ ಎಂದು ಪ್ರೇಮಲತಾಳನ್ನು ಕಾಡುತ್ತಿದ್ದರು. ಅವಳು ಬೆವರುತ್ತ, ಎಲ್ಲ ಹಾಕಿದೆ ಎನ್ನುತ್ತಿದ್ದಳು. ಬಂಗಾರಮ್ಮ ಯಾರ ಜೊತೆಗೂ ಮಾತಾಡಲಿಲ್ಲ. ರೊಟ್ಟಿಯ ಮೇಲೆ ತಮ್ಮ ಅಂಗೈ ಅಗಲಿಸಿ ಇಟ್ಟು ನೋಡಿ, ಮತ್ತೆ ಉಣ್ಣತೊಡಗಿದರು.

ಬಾಗಿಲಿನ ಆಚೆ ಮಗಳು ಕಾಣುತ್ತಿದ್ದಳು. ಸೊರಗಿದ ಮುಖ, ಕೈಯಲ್ಲಿ ಹಸಿರು ಬಳೆ. ಮೊದಲು ಹೆದರಿ ಹೆದರಿ ಒಂದು ಚೂರು ರೊಟ್ಟಿಗೆ ಕರಿಂಡಿ ಸವರಿ ಬಾಯಿಗಿಟ್ಟಳು. ನಿಧಾನವಾಗಿ ಅಗಿದಳು. ನುಂಗಿದಳು. ಆಮೇಲೆ ಒಂದು ತುತ್ತು, ಇನ್ನೊಂದು ತುತ್ತು. ತಿಂಗಳುಗಳಿಂದ ಏನೂ ಸೇರದವಳು ಎಲೆ ಖಾಲಿ ಮಾಡಿ, ಇನ್ನೊಂದು ರೊಟ್ಟಿ ಹಾಕಿ ಎಂದು ಕೈ ಚಾಚಿದಳು. ಅದನ್ನು ಕಂಡ ರುದ್ರಮುನಿಗೆ ತಾನು ಎಲ್ಲಿದ್ದೇನೆಂಬುದೇ ಮರೆತುಹೋಯಿತು. ಎಂಜಲು ಕೈಯಲ್ಲೇ ಅರ್ಧ ಎದ್ದ. ಹೆಂಗೈತವ್ವಾ ಎಂಬ ಮಾತು ನಾಲಿಗೆಯ ತುದಿಗೆ ಬಂದಿತ್ತು. ಅಷ್ಟರಲ್ಲಿ ಕೊಟ್ಟ ಮಾತು ನೆನಪಾಯಿತು. ಬಾಯಿ ಮುಚ್ಚಿ, ಮೆಲ್ಲನೆ ಮತ್ತೆ ಕೂತು, ಎಲೆಯನ್ನೇ ನೋಡತೊಡಗಿದ.

ಅವನು ಎದ್ದದ್ದನ್ನೂ ಕೂತದ್ದನ್ನೂ ಸಂಧ್ಯಾರಾಣಿ ನೋಡಿದಳು.

ಊಟವಾಯಿತು. ಮಣೆ ಹಾಕಿ, ಸುತ್ತ ರಂಗೋಲಿ ಎಳೆದರು. ಶಿವಗಂಗಮ್ಮ ತಟ್ಟೆಯಲ್ಲಿ ಅಕ್ಕಿ, ಕೊಬ್ಬರಿ, ಬೆಲ್ಲ, ಎಲೆ ಅಡಿಕೆ, ಮಡಿಚಿದ ಹಸಿರು ಖಣ ತಂದಿಟ್ಟರು. ಬಂಗಾರಮ್ಮ ಎದ್ದು ಬಂದು, ಬುತ್ತಿ ಮಾಡಿದ ಕೈ ಬಂದು ಕೂರಲಿ ಎಂದರು. ಪ್ರೇಮಲತಾ ನಿಂತಲ್ಲಿಂದ ಕದಲಲಿಲ್ಲ. ಯಾರೋ ನಾಚಿಕೆ ಎಂದು ನಕ್ಕು ಅವಳನ್ನು ಮುಂದಕ್ಕೆ ತಳ್ಳಿದರು. ಅವಳು ಮಣೆಯ ಹತ್ತಿರ ಬಂದು, ಕಣ್ಣು ತುಂಬಿಕೊಂಡು ಮಗಳ ಕಡೆ ನೋಡಿದಳು.

ಸಂಧ್ಯಾರಾಣಿ ಗೋಡೆಗೆ ಕೈ ಕೊಟ್ಟು ಎದ್ದು ನಿಂತಳು. "ಅಮ್ಮನ ಉಡಿಗೆ ಹಾಕಬ್ಯಾಡ್ರಿ ಅಜ್ಜಿ," ಎಂದಳು. ಮಾತು ಪಡಸಾಲೆಯವರೆಗೂ ಕೇಳಿಸಿತು. "ಬುತ್ತಿ ಮಾಡಿದ್ದು ನಮ್ಮ ಅಪ್ಪಾಜಿ. ಒಂದು ಸಾಸಿವೆ ಕಾಳು ಬಿಡದಂಗೆ ಎಲ್ಲಾ ಅವರದೇ ಕೈ. ನನಗೆ ಅನ್ನ ಉಣ್ಣಿಸಿ ಬೆಳೆಸಿದ್ದೂ ಅದೇ ಕೈ. ಹೇಳಬ್ಯಾಡ ಅಂದಿದ್ದು ನಾನು. ನಂದು ತಪ್ಪಾತು."

ಪಡಸಾಲೆಯಲ್ಲಿ ವಿನಯ್ ಕುಮಾರ್ ತಲೆಯೆತ್ತಿ ಮಾವನನ್ನೇ ನೋಡಿದ. ಹೋಳಿಗೆಯ ನೆಂಟ ಬೇರೆ ಕಡೆ ನೋಡಿದ. ಎಲ್ಲರೂ ಕಾದದ್ದು ಬಂಗಾರಮ್ಮನ ನಾಲಿಗೆಗೆ. ಅಜ್ಜಿ ಮಾತ್ರ ಆಶ್ಚರ್ಯಪಟ್ಟವರಂತೆ ಕಾಣಲಿಲ್ಲ. "ರೊಟ್ಟಿ ಮೇಲೆ ಅಂಗೈ ಇಟ್ಟಾಗ್ಲೇ ಅನ್ಕಂಡೆ," ಎಂದರು. "ಇಷ್ಟಗಲದ ಕೈ ನಮ್ಮ ಹೆಣ್ಮಕ್ಕಳಿಗೆ ಎಲ್ಲೈತೆ. ಯಾವಾಗ ಹೇಳ್ತೀರಿ ಅಂತ ಕಾಯ್ತಿದ್ದೆ. ಕರೀರಿ ಅವರನ್ನ. ಕೈ ಯಾರ್ದೋ ಉಡಿ ಅವರ್ದೇ."

ಗಂಡಸಿಗೆ ಉಡಿಯೇ ಎಂದು ಶಿವಗಂಗಮ್ಮ ಮೆಲ್ಲಗೆ ಗೊಣಗಿದರು. ಇಷ್ಟು ದಿನ ಯಾವ ಗಂಡಸೂ ಬುತ್ತಿ ಮಾಡಿ ತಂದಿರಲಿಲ್ಲ, ಅದಕ್ಕೇ ತುಂಬಿರಲಿಲ್ಲ ಎಂದು ಅಜ್ಜಿ ಆ ಮಾತನ್ನು ಅಲ್ಲಿಗೇ ಮುಗಿಸಿದರು.

ರುದ್ರಮುನಿ ಬಂದು ಮಣೆಯ ಮೇಲೆ ಕೂತ. ಖೇಣಿಯಲ್ಲಿ ಯಜಮಾನನಿಗೂ ಎದುರು ನಿಲ್ಲುವ ಆಸಾಮಿ, ಮದುಮಗಳ ಹಾಗೆ ತಲೆ ತಗ್ಗಿಸಿದ್ದ. ಒಡ್ಡಲು ಸೆರಗಿಲ್ಲ. ಹೆಗಲ ಮೇಲಿನ ವಲ್ಲಿಯನ್ನು ತೆಗೆದು, ಎರಡೂ ಕೈಗಳಿಂದ ಅಗಲಿಸಿ ಮಡಿಲಲ್ಲಿ ಹಿಡಿದ. ಹಂಡೆಯ ಹಬೆಗೂ ಹೆಂಚಿನ ಕಾವಿಗೂ ಸುಟ್ಟು ಸುಟ್ಟು ಕಪ್ಪಾದ ಬೆರಳುಗಳು ಎಲ್ಲರ ಎದುರಿಗೆ ಹಾಗೆ ತೆರೆದುಕೊಂಡವು. ಬಂಗಾರಮ್ಮ ಮೊದಲು ಆ ಬೆರಳುಗಳಿಗೆ ಅರಿಸಿನ ಸವರಿದರು. ಆಮೇಲೆ ಬೊಗಸೆ ತುಂಬ ಅಕ್ಕಿ ಹಾಕಿದರು, ಕೊಬ್ಬರಿ ಬಟ್ಟಲು ಇಟ್ಟರು, ಬೆಲ್ಲ, ಎಲೆ ಅಡಿಕೆ ಇಟ್ಟು, ಎಲ್ಲದರ ಮೇಲೆ ಹಸಿರು ಖಣ ಇಟ್ಟರು. ಪ್ರೇಮಲತಾ ಅಳುತ್ತಲೂ ನಗುತ್ತಲೂ ಇದ್ದಳು. ಅಷ್ಟರ ನಡುವೆಯೂ ಆ ಖಣ ಅಂಗಿಯ ಜೇಬಿಗೆ ಸಾಕಾಗಿ ಉಳಿಯುತ್ತದೆಂದು ಅವಳ ಕಣ್ಣು ಅಳತೆ ಹಾಕಿತ್ತು. ನನ್ನ ಗಂಡ ಎಂದು ಅವಳಿಗೆ ಅವತ್ತು ಹೆಮ್ಮೆಯಾದಷ್ಟು ಮದುವೆಯ ದಿನವೂ ಆಗಿರಲಿಲ್ಲ.

ಉಡಿ ಮಡಿಚಿ ಎದೆಗೊತ್ತಿಕೊಂಡು ರುದ್ರಮುನಿ ಎದ್ದ. ಅಜ್ಜಿಗೆ ನಮಸ್ಕಾರ ಮಾಡಿದ. ನೆಟ್ಟಗೆ ಮಗಳ ಮುಂದೆ ಹೋಗಿ ನಿಂತ. ಅವಳ ಎಲೆಯನ್ನು ಇನ್ನೂ ಎತ್ತಿರಲಿಲ್ಲ, ತುದಿಯಲ್ಲಿ ಒಂದು ಚೂರು ಕರಿಂಡಿ ಉಳಿದಿತ್ತು. ಬೆಳಿಗ್ಗೆಯಿಂದ ತಡೆದಿಟ್ಟಿದ್ದ ಮಾತು ಈಗ ಹೊರಬಿತ್ತು.

"ಹೆಂಗೈತವ್ವಾ?"

ಸಂಧ್ಯಾರಾಣಿ ಸೆರಗಿನಿಂದ ಮುಖ ಒರೆಸಿಕೊಂಡಳು. ಮುಖ ಸೊಟ್ಟ ಮಾಡಿದಳು.

"ಉಪ್ಪು ಒಂಚೂರು ಕಮ್ಮಿ ಅಪ್ಪಾಜಿ."

ಸುತ್ತ ನಿಂತವರು ಬೆಚ್ಚಿದರು. ರುದ್ರಮುನಿ ಉಡಿಯನ್ನು ಎಡಗೈಗೆ ಬದಲಾಯಿಸಿ, ಬಗ್ಗಿ, ಅರಿಸಿನದ ಬೆರಳನ್ನು ಅವಳ ಎಲೆಯ ಕರಿಂಡಿಗೆ ಅದ್ದಿ ನೆಕ್ಕಿ ನೋಡಿದ.